ಶೃಂಗಾರದ ಸೆರೆಮನೆಯಲ್ಲೊಬ್ಬ ಕವಿ

ಕೆ-ಸೆಟ್ ಪರೀಕ್ಷೆಗೆ ಓದುವವರಿಗೆ ನೇಮಿಚಂದ್ರ ಅಂದರೆ ಒಂದು ಸಾಲು. ಕಾಲ ಸುಮಾರು 1170, ಕೃತಿಗಳು ಲೀಲಾವತಿ ಪ್ರಬಂಧ ಮತ್ತು ಅರ್ಧನೇಮಿ, ಬಿರುದು ಕವಿರಾಜಕುಂಜರ. ಖಾನಾಪುರದಿಂದ ಬೆಳಗಾವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ಇಂಥ ನೂರು ಸಾಲು ಬಾಯಿಪಾಠ ಮಾಡಿದವಳು ನಾನು. ಕವಿಗಳ ಹೆಸರು ಗೊತ್ತು, ಬಿರುದು ಗೊತ್ತು, ಯಾರು ಯಾವ ರಾಜನ ಆಸ್ಥಾನದಲ್ಲಿದ್ದರು ಎಂಬುದೂ ಗೊತ್ತು. ಅವರಲ್ಲಿ ಒಬ್ಬರ ಪದ್ಯವನ್ನೂ ನೆಟ್ಟಗೆ ಓದಿದ್ದಿಲ್ಲ.

ನೇಮಿಚಂದ್ರನ ವಿಷಯದಲ್ಲಿ ಇನ್ನೊಂದು ಗೊಂದಲ. ಮೊಬೈಲಿನಲ್ಲಿ ಆ ಹೆಸರು ಹುಡುಕಿದರೆ ಮೊದಲು ಸಿಗುವುದು ನಮ್ಮ ಕಾಲದ ಲೇಖಕಿ ನೇಮಿಚಂದ್ರ, ಯಾದ್ ವಶೇಮ್ ಬರೆದವರು. ಆಮೇಲೆ ಸಿಗುವುದು ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ, ಗೊಮ್ಮಟಸಾರದ ಕರ್ತೃ. ಇಬ್ಬರನ್ನೂ ದಾಟಿದ ಮೇಲೆ ಹನ್ನೆರಡನೆಯ ಶತಮಾನದ ಈ ಕವಿ. ಪರೀಕ್ಷೆಯಲ್ಲಿ ಈ ಮೂವರನ್ನು ಅದಲುಬದಲು ಮಾಡಿ ಕೇಳಿದರೆ ಎಷ್ಟು ಮಂದಿ ಎಡವುತ್ತಾರೋ ಗೊತ್ತಿಲ್ಲ. ಒಂದು ಮಾದರಿ ಪರೀಕ್ಷೆಯಲ್ಲಿ ನಾನಂತೂ ಎಡವಿದೆ. ತಪ್ಪಿದ್ದು ಒಂದೇ ಅಂಕ. ಅದನ್ನು ಸರಿ ಮಾಡಿಕೊಳ್ಳಲು ಬೆಳಗಾವಿಯ ಗ್ರಂಥಾಲಯದಲ್ಲಿ ಸಾಹಿತ್ಯ ಚರಿತ್ರೆಯ ದಪ್ಪ ಪುಸ್ತಕ ತೆಗೆದಾಗ ಅವನ ಬಿರುದುಗಳ ಪಟ್ಟಿಯಲ್ಲಿ ಒಂದು ಪದ ಕಣ್ಣಿಗೆ ಬಿತ್ತು: ಶೃಂಗಾರಕಾರಾಗೃಹ. ಶೃಂಗಾರದ ಸೆರೆಮನೆ!

ಆ ಪದ ನನ್ನನ್ನು ಹಿಡಿದು ನಿಲ್ಲಿಸಲು ಒಂದು ಕಾರಣವಿತ್ತು. ಪದವಿಯ ಎರಡನೆಯ ವರ್ಷದಲ್ಲಿ ವಾರ್ಷಿಕ ಸಂಚಿಕೆಗೆಂದು ಒಂದು ಕಥೆ ಬರೆದುಕೊಟ್ಟಿದ್ದೆ. ಅದರಲ್ಲಿ ಹುಡುಗಿಯೊಬ್ಬಳು ತಾನು ಪ್ರೀತಿಸಿದವನನ್ನು, ಅವನ ಕೈ, ಕತ್ತು, ಬೆವರಿನ ವಾಸನೆಯನ್ನು ರಾತ್ರಿ ಹೊತ್ತು ನೆನೆಯುವ ಅರ್ಧ ಪುಟ ಇತ್ತು. ಕಥೆ ವಾಪಸು ಬಂತು. ಹೆಣ್ಣುಮಕ್ಕಳು ಬರೆಯುವಂಥದ್ದಲ್ಲ ಎಂಬ ಮಾತೂ ಅದರ ಜೊತೆಗೇ ಬಂತು, ಅದೂ ನಾಲ್ಕು ಜನರ ಮುಂದೆ. ಅವತ್ತಿನಿಂದ ಆ ನೋಟ್‌ಬುಕ್ಕು ಟ್ರಂಕಿನ ತಳ ಸೇರಿತ್ತು. ಎಂಟುನೂರು ವರ್ಷಗಳ ಹಿಂದೆ ಒಬ್ಬ ಜೈನ ಕವಿ, ಅಹಿಂಸೆ ಅಪರಿಗ್ರಹಗಳ ಧರ್ಮದಲ್ಲಿ ಹುಟ್ಟಿದವನು, ಶೃಂಗಾರದ ಸೆರೆಮನೆ ಎಂಬುದನ್ನು ಬಿರುದಾಗಿ ಹೊತ್ತುಕೊಂಡು ಓಡಾಡಿದ್ದನೆ? ಅವತ್ತು ಮಧ್ಯಾಹ್ನ ಸಾಮಾನ್ಯ ಜ್ಞಾನದ ಪುಸ್ತಕ ಮುಚ್ಚಿಟ್ಟು ಅವನನ್ನು ಓದತೊಡಗಿದೆ.

ಅವನು ಎಲ್ಲಿಯವನು ಎಂಬುದರಲ್ಲೇ ನಮ್ಮ ಊರಿನವರಿಗೆ ರುಚಿಸುವ ಸಂಗತಿಯಿದೆ. ಅವನಿಗೆ ಇಬ್ಬರು ಆಶ್ರಯದಾತರು. ಒಬ್ಬ ಲಕ್ಷ್ಮಣರಾಜ. ಇನ್ನೊಂದು ಆಶ್ರಯ ಹೊಯ್ಸಳ ವೀರಬಲ್ಲಾಳನದು, ಅಲ್ಲಿ ಅವನ ಮಂತ್ರಿ ಪದ್ಮನಾಭ ಕವಿಯನ್ನು ಪೋಷಿಸಿದ. ಈ ಲಕ್ಷ್ಮಣರಾಜನನ್ನು ಕೆಲವು ವಿದ್ವಾಂಸರು ಕೊಲ್ಲಾಪುರದ ಶಿಲಾಹಾರರ ಕಡೆಗೆ ಎಳೆಯುತ್ತಾರೆ, ಕೆಲವರು ಸವದತ್ತಿಯ ರಟ್ಟರ ಕಡೆಗೆ. ಅಂದರೆ ಸತ್ತು ಎಂಟು ಶತಮಾನ ಕಳೆದರೂ ಈ ಕವಿಗೆ ಬೆಳಗಾವಿ–ಕೊಲ್ಲಾಪುರದ ಗಡಿತಂಟೆ ತಪ್ಪಿಲ್ಲ. ಎತ್ತ ಸೇರಿಸಿದರೂ ಅವನು ಓಡಾಡಿದ್ದು ನಮ್ಮ ಸೀಮೆಯಲ್ಲೇ. ಬೆಳಗಾವಿ ಆಗ ವೇಣುಗ್ರಾಮ. ಗೋವೆಯ ಕದಂಬರ ಕೈಯಲ್ಲಿದ್ದ ಊರು ಮುಂದೆ ರಟ್ಟರಿಗೆ ಬಂದು ಅವರ ರಾಜಧಾನಿಯಾಯಿತು.

ಕಾಲವನ್ನೂ ಒಮ್ಮೆ ನೋಡಬೇಕು. ಹನ್ನೆರಡನೆಯ ಶತಮಾನ ಅಂದಕೂಡಲೇ ನಮಗೆಲ್ಲ ಕಲ್ಯಾಣ, ಅನುಭವ ಮಂಟಪ, ವಚನಗಳು ನೆನಪಾಗುತ್ತವೆ. 1160ರ ದಶಕದ ಕೊನೆಯಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಕೊಲೆಯಾಗಿ ಶರಣರು ಚದುರಿಹೋದರು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಇತ್ತ ಒಬ್ಬ ಕವಿ ಕೂತು, ಕನಸಿನಲ್ಲಿ ಕಂಡ ಹುಡುಗಿಯನ್ನು ಹುಡುಕಿಕೊಂಡು ಹೋಗುವ ರಾಜಕುಮಾರನ ಕಥೆ ಹೆಣೆಯುತ್ತಿದ್ದ. ವಚನಕಾರರು ಜನರ ಮಾತಿಗೆ ಇಳಿದಿದ್ದರೆ ಇವನು ವೃತ್ತ, ಕಂದ, ಗದ್ಯಗಳ ಹಳೆಯ ಚಂಪೂವಿನಲ್ಲೇ ಉಳಿದ. ಲೋಕ ಉರಿಯುವಾಗ ಪ್ರೇಮಕಥೆಯೆ ಎಂದು ಮೊದಲು ನನಗೂ ಅನ್ನಿಸಿತು. ಆದರೆ ಲೋಕ ಯಾವಾಗ ಉರಿಯದೆ ಇತ್ತು?

ಕಥೆ ಇಷ್ಟೇ. ಜಯಂತೀಪುರದ, ಅಂದರೆ ಬನವಾಸಿಯ, ಕದಂಬ ರಾಜಕುಮಾರ ಕಂದರ್ಪದೇವ ಒಂದು ರಾತ್ರಿ ಕನಸಿನಲ್ಲಿ ಒಬ್ಬ ಚೆಲುವೆಯನ್ನು ಕಾಣುತ್ತಾನೆ. ಎದ್ದ ಮೇಲೆ ಅವನಿಗೆ ಬೇರೇನೂ ಬೇಡ. ಗೆಳೆಯ ಮಕರಂದನನ್ನು ಕರೆದುಕೊಂಡು ಅವಳನ್ನು ಹುಡುಕುತ್ತ ಹೊರಡುತ್ತಾನೆ. ಆ ಕಡೆ ಕುಸುಮಪುರದಲ್ಲಿ ಲೀಲಾವತಿಗೂ ಕನಸು ಬಿದ್ದಿದೆ, ಅವಳೂ ಕನಸಿನ ಗಂಡಿಗಾಗಿ ಸೊರಗುತ್ತಿದ್ದಾಳೆ. ಕೊನೆಗೆ ಸೇರುತ್ತಾರೆ, ಮದುವೆಯಾಗುತ್ತದೆ. ಪೋಸ್ಟ್‌ಕಾರ್ಡಿನಲ್ಲಿ ಹಿಡಿಯುವ ಈ ಕಥೆಗೆ ಅವನು ಬಳಸಿದ್ದು 14 ಆಶ್ವಾಸ!

ಕಥೆ ಅವನ ಸ್ವಂತದ್ದೂ ಅಲ್ಲ. ಸಂಸ್ಕೃತದಲ್ಲಿ ಸುಬಂಧು ಬರೆದ ವಾಸವದತ್ತಾ ಎಂಬ ಗದ್ಯಕಾವ್ಯದ್ದು. ಅಲ್ಲಿಯೂ ಕನಸು, ಅಲ್ಲಿಯೂ ಮಕರಂದ, ಅಲ್ಲಿಯ ನಾಯಕ ಕಂದರ್ಪಕೇತು. ಅಕ್ಷರಕ್ಕೊಂದು ಶ್ಲೇಷೆ ಇಟ್ಟಿದ್ದೇನೆಂದು ಹೆಮ್ಮೆಪಟ್ಟವನು ಸುಬಂಧು, ಕಥೆಗಿಂತ ಮಾತಿನ ಚಮತ್ಕಾರವೇ ಅವನಿಗೆ ದೊಡ್ಡದು. ಕನ್ನಡದಲ್ಲಿ ಅದಕ್ಕೂ ಮುಂಚೆ ನಾಗವರ್ಮ ಬಾಣನ ಕಾದಂಬರಿಯನ್ನು ತಂದಿದ್ದ, ಆದ್ದರಿಂದ ಸಂಸ್ಕೃತದ ಪ್ರೇಮಕಥೆಯನ್ನು ತರುವುದು ಹೊಸತೇನಲ್ಲ. ನೇಮಿಚಂದ್ರ ಮಾಡಿದ ಹೊಸ ಕೆಲಸವೆಂದರೆ ಕಥೆಯನ್ನು ನಮ್ಮ ನೆಲಕ್ಕೆ ತಂದು ನಿಲ್ಲಿಸಿದ್ದು. ನಾಯಕ ಇನ್ನು ಎಲ್ಲೋ ಉತ್ತರದ ರಾಜಕುಮಾರನಲ್ಲ, ಬನವಾಸಿಯ ಕದಂಬ.

ಕದಂಬನೇ ಯಾಕೆ? ಇದಕ್ಕೆ ಪುಸ್ತಕದಲ್ಲಿ ಉತ್ತರ ಹುಡುಕುವುದಕ್ಕಿಂತ ನಂದಗಡ ದಾಟಿ ಹಲಸಿಗೆ ಹೋಗುವುದು ಒಳ್ಳೆಯದು ಅನ್ನಿಸಿತು. ನಮ್ಮ ಖಾನಾಪುರ ತಾಲ್ಲೂಕಿನವರಿಗೆ ಹಲಸಿ ಅಂದರೆ ಶಾಲಾ ಪ್ರವಾಸ, ಬುತ್ತಿ ಕಟ್ಟಿಕೊಂಡು ಹೋಗಿ ಬರುವ ಊರು. ಹಳೆಯ ಹೆಸರು ಪಲಾಶಿಕಾ. ಬನವಾಸಿಯ ಕದಂಬರಿಗೆ ಅದು ಎರಡನೆಯ ರಾಜಧಾನಿಯಂತಿತ್ತು. ಮೃಗೇಶವರ್ಮ ಅಲ್ಲಿ ಜಿನಾಲಯ ಕಟ್ಟಿಸಿದ್ದನ್ನು ಅಲ್ಲೇ ಸಿಕ್ಕ ತಾಮ್ರಪಟ ಹೇಳುತ್ತದೆ. ಆ ಕದಂಬರು ಮುಗಿದುಹೋಗಿ ಶತಮಾನಗಳಾದ ಮೇಲೆ ಗೋವೆಯ ಕದಂಬರು ಬಂದರು. ಭೂವರಾಹ ನರಸಿಂಹ ದೇವಸ್ಥಾನದಲ್ಲಿ ಎದುರುಬದುರಾಗಿ ಎರಡು ಗರ್ಭಗುಡಿಗಳಿವೆ. ಅಲ್ಲಿನ ಶಾಸನ ಗೋವೆಯ ದೊರೆ ಪೆರ್ಮಾಡಿ ಶಿವಚಿತ್ತನ ಕಾಲದ್ದು, ಇಸವಿ 1169. ಲೀಲಾವತಿಗೆ ವಿದ್ವಾಂಸರು ಕೊಡುವ ಕಾಲ ಸುಮಾರು 1170. ಅಂದರೆ ಹಲಸಿಯಲ್ಲಿ ಕಲ್ಲುಕುಟಿಗರ ಉಳಿಯ ಸದ್ದು ಇನ್ನೂ ಜನರ ಕಿವಿಯಲ್ಲಿದ್ದಾಗಲೇ ಇವನ ಕಂಠ ತಾಳೆಗರಿಯ ಮೇಲೆ ಓಡುತ್ತಿತ್ತು.

ಗೋವೆಯ ಕದಂಬರು ಬನವಾಸಿಯನ್ನು ಆಳುತ್ತಿರಲಿಲ್ಲ. ಆದರೂ ಬಿರುದುಗಳಲ್ಲಿ ತಾವು ಬನವಾಸಿ ಪುರದ ಒಡೆಯರೆಂದೇ ಬರೆಸಿಕೊಳ್ಳುತ್ತಿದ್ದರು. ಕೈತಪ್ಪಿದ ಊರನ್ನು ಹೆಸರಿನಲ್ಲಿ ಹೊತ್ತು ತಿರುಗುವ ರಾಜರು ಪಕ್ಕದಲ್ಲೇ ಇದ್ದರು. ಆ ಕಳೆದುಹೋದ ಜಯಂತೀಪುರದಲ್ಲಿ ಕವಿ ಒಬ್ಬ ರಾಜಕುಮಾರನನ್ನು ಹುಟ್ಟಿಸಿ, ಅವನಿಗೆ ಕೈಗೆ ಸಿಗದ ಹುಡುಗಿಯ ಕನಸು ಬೀಳಿಸಿದ. ಹಲಸಿಯ ಕಟ್ಟೆಯ ಮೇಲೆ ಕೂತು ನಾನು ಕಟ್ಟಿಕೊಂಡ ಊಹೆ ಇದು, ಪರೀಕ್ಷೆಯಲ್ಲಿ ಬರೆಯಲು ಹೋಗಬೇಡಿ. ಆದರೆ ಎರವಲು ಕಥೆಗೆ ಪ್ರಾಣ ಬಂದದ್ದು ಈ ಊರಿನ ಬದಲಾವಣೆಯಿಂದಲೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನನ್ನ ವಾಪಸು ಬಂದ ಕಥೆಯಲ್ಲಿ ನಾಯಕ ನಾಯಕಿ ಬೆಂಗಳೂರಿನ ಯಾವುದೋ ಕಾಫಿ ಅಂಗಡಿಯಲ್ಲಿ ಭೇಟಿಯಾಗುತ್ತಿದ್ದರು. ಅಂಥ ಅಂಗಡಿಯನ್ನು ಆಗ ನಾನು ನೋಡಿಯೇ ಇರಲಿಲ್ಲ.

ಇನ್ನು ಅವನು ಬರೆಯುತ್ತಿದ್ದ ಬಗೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಮೇಲೆ ಮಸಿ ಸವರಿ ಒರೆಸಿದರೆ ಅಕ್ಷರ ಕಾಣುವ ಕಾಲ ಅದು. ಕೊರೆದದ್ದನ್ನು ಅಳಿಸುವಂತಿಲ್ಲ. ಪದ್ಯ ಗರಿಗೆ ಇಳಿಯುವ ಮುಂಚೆ ನಾಲಿಗೆಯ ಮೇಲೆ ಹತ್ತಾರು ಸಲ ತಿರುಗಿರಬೇಕು. ಅದರ ಮೇಲೆ ಮಹಾಕಾವ್ಯ ಅಂದರೆ ಹದಿನೆಂಟು ವರ್ಣನೆ ಬರಲೇಬೇಕು ಎಂಬ ಕಟ್ಟು: ಸಮುದ್ರ, ಬೆಟ್ಟ, ಪಟ್ಟಣ, ಸೂರ್ಯೋದಯ, ಚಂದ್ರೋದಯ, ಋತುಗಳು, ವನವಿಹಾರ, ಜಲಕ್ರೀಡೆ, ವಿರಹ, ಮದುವೆ ಹೀಗೆ. ಬೇರೆ ಕವಿಗಳಿಗೆ ಇದು ಮುಗಿಸಲೇಬೇಕಾದ ಸಿಲೆಬಸ್ ಆಗಿದ್ದರೆ ನೇಮಿಚಂದ್ರನಿಗೆ ಹಬ್ಬ. ಅವನ ಪ್ರೇಮಿಗಳು ಮೊದಲು ಸಿಕ್ಕಿದ್ದು ಕನಸಿನಲ್ಲಿ, ನಿಜದಲ್ಲಿ ಸಿಗುವುದು ಎಷ್ಟೋ ಆಶ್ವಾಸಗಳ ನಂತರ. ನಡುವಿನ ಜಾಗವನ್ನೆಲ್ಲ ಬೆಳದಿಂಗಳು, ಗಾಳಿ, ಕೋಗಿಲೆ, ತಾವರೆಯ ಹಾಸಿಗೆ ತುಂಬಿಕೊಳ್ಳುತ್ತವೆ. ಮುಟ್ಟುವ ಮೊದಲಿನ ಕಾಯುವಿಕೆಯನ್ನು ಹಿಗ್ಗಿಸಿ ಹಿಗ್ಗಿಸಿ ಬರೆಯುವುದೇ ಅವನ ವಿದ್ಯೆ. ಸಂಭೋಗ ಶೃಂಗಾರ ಬರುವಲ್ಲಿ ಅವನು ನಾಚುವುದೂ ಇಲ್ಲ.

ಒಂದು ದೂರು ಹೇಳಲೇಬೇಕು. ವರ್ಣನೆಯ ಭಾರಕ್ಕೆ ಕಥೆ ಕುಂಟುತ್ತದೆ. ಹಳಗನ್ನಡ ಬಿಡಿಸುತ್ತ ಹೋಗುವ ನನ್ನಂಥವಳಿಗೆ ಚಂದ್ರ ಯಾವಾಗ ಮುಳುಗುತ್ತಾನಪ್ಪಾ ಅನ್ನಿಸಿದ್ದೂ ಉಂಟು. ಎರಡನೆಯ ದೂರು ಇನ್ನೂ ದೊಡ್ಡದು. ರೂಪವೆಂದರೆ ಹೆಣ್ಣಿನದೇ ರೂಪ, ರಸವೆಂದರೆ ಶೃಂಗಾರವೇ ರಸ ಎಂಬುದು ಅವನ ಹೆಸರಾಂತ ನಿಲುವು. ಇದನ್ನು ಓದಿದಾಗ ಹೆಣ್ಣುಮಗಳಾಗಿ ನನಗೆ ಮೈ ಪರಚಿಕೊಳ್ಳುವಂತಾಯಿತು. ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು. ಇದರಲ್ಲಿ ನನಗೇನು ಪಾಲು? ಆದರೆ ಅದೇ ಕಾವ್ಯದಲ್ಲಿ ಲೀಲಾವತಿಗೂ ಕನಸು ಬೀಳುತ್ತದೆ. ಅವಳೂ ಗಂಡಿನ ಚೆಲುವಿಗೆ ಸೋಲುತ್ತಾಳೆ, ಬಯಸುತ್ತಾಳೆ. ಆ ಬಯಕೆಯನ್ನು ಕವಿ ತಪ್ಪೆಂದು ಎಣಿಸುವುದಿಲ್ಲ, ಅದಕ್ಕಾಗಿ ಅವಳನ್ನು ಶಿಕ್ಷಿಸುವುದೂ ಇಲ್ಲ, ಮದುವೆ ಮಾಡಿಸಿ ಹರಸುತ್ತಾನೆ. ನನ್ನ ಅರ್ಧ ಪುಟದಲ್ಲಿ ಇದ್ದದ್ದು ಇದಕ್ಕಿಂತ ಹೆಚ್ಚೇನೂ ಅಲ್ಲ.

ಅವನ ಇನ್ನೊಂದು ಪದ್ಯ ಪಠ್ಯಗಳಲ್ಲಿ ಆಗಾಗ ಬರುತ್ತದೆ. ಅದರ ಭಾವವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಪಿಗಳು ಕಡಲಿಗೆ ಸೇತುವೆ ಕಟ್ಟಿದ್ದು ನಿಜವೋ ಸುಳ್ಳೋ, ವಾಮನನ ಕಾಲು ಆಕಾಶ ಮುಟ್ಟಿತೋ ಇಲ್ಲವೋ, ಅರ್ಜುನ ಶಿವನನ್ನು ಕೆಡವಿ ಗಂಟಲು ಮೆಟ್ಟಿದನೋ ಇಲ್ಲವೋ, ಅದೆಲ್ಲ ಹಾಗಿರಲಿ. ಕವಿಗಳು ತಮ್ಮ ಕಾವ್ಯದಲ್ಲಿ ಕಟ್ಟಿಸಿದರು, ಮುಟ್ಟಿಸಿದರು, ಮೆಟ್ಟಿಸಿದರು. ಹಾಗಾದರೆ ದೊಡ್ಡವರು ಯಾರು? ಪುರಾಣಗಳಿಗೆ ಎಲ್ಲರೂ ಕೈಮುಗಿಯುತ್ತಿದ್ದ ಕಾಲದಲ್ಲಿ ಹೀಗೆ ಹೇಳಲು ಎದೆಗಾರಿಕೆ ಬೇಕು. ಪಂಪ, ಪೊನ್ನ, ರನ್ನರೆಲ್ಲ ಒಂದಾದರೂ ತೀರ್ಥಂಕರ ಪುರಾಣ ಬರೆದು ಧರ್ಮದ ಋಣ ತೀರಿಸಿದವರು. ಲೀಲಾವತಿಯಲ್ಲಿ ತೀರ್ಥಂಕರನಿಲ್ಲ, ಕುರುಕ್ಷೇತ್ರವಿಲ್ಲ, ಯಾರೂ ಕೊನೆಯಲ್ಲಿ ದೀಕ್ಷೆ ತೆಗೆದುಕೊಳ್ಳುವುದಿಲ್ಲ. ನಡೆಯದೇ ಇದ್ದ ಒಂದು ಪ್ರೇಮವನ್ನು ಬರಿಯ ಕಲ್ಪನೆಯಿಂದ ನಡೆಸುತ್ತೇನೆ ಎಂಬ ಹಟ ಅದರ ಹಿಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಅನಕೃ ನಗ್ನಸತ್ಯ, ಸಂಜೆಗತ್ತಲು ಬರೆದಾಗ ಅಶ್ಲೀಲವೆಂದು ದೊಡ್ಡ ಗದ್ದಲವೆದ್ದಿತು. ಅದಕ್ಕೆ ಉತ್ತರವಾಗಿ ಅವರು ಸಾಹಿತ್ಯ ಮತ್ತು ಕಾಮಪ್ರಚೋದನೆ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ನೇಮಿಚಂದ್ರನಿಗೆ ಶೃಂಗಾರ ಬರೆದದ್ದಕ್ಕೆ ಸಿಕ್ಕಿದ್ದು ಬಿರುದು. ಕಾಲ ಮುಂದಕ್ಕೆ ಹೋಗುತ್ತದೆಯೋ ಹಿಂದಕ್ಕೋ ಎಂದು ಯೋಚಿಸಿದೆ.

ಲೀಲಾವತಿಯ ನಂತರ ಅವನಿಗೆ ಹೊಸ ಕೆಲಸ ಬಂತು. ಹೊಯ್ಸಳ ಮಂತ್ರಿ ಪದ್ಮನಾಭನಿಗಾಗಿ ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥನ ಪುರಾಣ ಬರೆಯುವುದು. ನೇಮಿನಾಥನ ಕಥೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲ ತಿರುವು ಇರುವುದು ಇಲ್ಲಿಯೇ. ಜೈನರ ಪ್ರಕಾರ ನೇಮಿ ಕೃಷ್ಣನ ದಾಯಾದಿ. ರಾಜೀಮತಿ ಎಂಬ ರಾಜಕುಮಾರಿಯೊಂದಿಗೆ ಮದುವೆ ನಿಶ್ಚಯವಾಗುತ್ತದೆ. ದಿಬ್ಬಣ ಹೊರಡುತ್ತದೆ. ದಾರಿಯಲ್ಲಿ ದೊಡ್ಡಿಯೊಳಗೆ ಕೂಡಿಹಾಕಿದ ಪ್ರಾಣಿಗಳ ಕೂಗು ಕೇಳಿಸುತ್ತದೆ. ಅವು ತನ್ನ ಮದುವೆಯ ಊಟಕ್ಕೆಂದು ಗೊತ್ತಾದ ಕೂಡಲೇ ನೇಮಿ ರಥ ತಿರುಗಿಸುತ್ತಾನೆ. ಮದುವೆ ಬಿಟ್ಟು ಗಿರ್ನಾರ್ ಬೆಟ್ಟ ಹತ್ತಿ ತಪಸ್ಸಿಗೆ ಕೂಡುತ್ತಾನೆ.

ಮದುವೆಯವರೆಗೆ ಎಳೆದೆಳೆದು ತಂದು ಪ್ರೇಮಿಗಳನ್ನು ಕೂಡಿಸಿದ ಕವಿ, ಮದುವೆಯನ್ನೇ ತೊರೆದು ನಡೆದವನ ಕಥೆ ಬರೆಯಬೇಕಿತ್ತು. ಶುರು ಮಾಡಿದ. ವಸುದೇವ ಬಂದ, ಕೃಷ್ಣ ಬಂದ, ಕಂಸನ ವಧೆಯಾಯಿತು. ಕಾವ್ಯ ಅಲ್ಲಿಗೇ ನಿಂತಿತು. ದಿಬ್ಬಣ ಹೊರಡಲೇ ಇಲ್ಲ, ಪ್ರಾಣಿಗಳು ಕೂಗಲಿಲ್ಲ, ರಾಜೀಮತಿ ಬಾಗಿಲಲ್ಲಿ ಕಾಯುತ್ತ ನಿಲ್ಲಲಿಲ್ಲ. ಜನ ಅದನ್ನು ಅರ್ಧನೇಮಿ ಎಂದು ಕರೆದರು, ಅದೇ ಹೆಸರು ಉಳಿಯಿತು. ನೇಮಿನಾಥನ ವೈರಾಗ್ಯ ಬೇಕಾದವರು ಕರ್ಣಪಾರ್ಯನ ನೇಮಿನಾಥ ಪುರಾಣ ಓದಬೇಕು. ನೇಮಿಚಂದ್ರನ ಕೈಯಲ್ಲಿ ರಾಜೀಮತಿಯ ವಿರಹ ಹೇಗಿರುತ್ತಿತ್ತು ಎಂಬುದು ಮಾತ್ರ ಹೋಯಿತು. ಕನಸಿನಲ್ಲಿ ಕಂಡವನಿಗಾಗಿ ಕೊರಗುವ ಹುಡುಗಿಯನ್ನು ಬರೆದವನು, ಬಾಗಿಲವರೆಗೆ ಬಂದು ತಿರುಗಿದವನಿಗಾಗಿ ಕೊರಗುವವಳನ್ನು ಬರೆಯದೇ ಹೋದ. ಕನ್ನಡಕ್ಕೆ ಆದ ಈ ನಷ್ಟ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ.

ಗ್ರಂಥಾಲಯದ ಓದು ಮುಗಿದ ವಾರ, ಒಂದು ಸಂಜೆ ಖಾನಾಪುರದ ಬಸ್ಸು ಬಿಟ್ಟು ಕೋಟೆಯ ಕಡೆ ನಡೆದೆ. ಬಸ್ ನಿಲ್ದಾಣದಿಂದ ದೂರವೇನಿಲ್ಲ. ಒಳಗೆ ಕಮಲ ಬಸದಿ ಇದೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರ ಹೊತ್ತಿಗೆ ಕಟ್ಟಿಸಿದ್ದು. ಅದಕ್ಕೆ ಸಂಬಂಧಿಸಿದ ಎರಡು ಶಾಸನಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ, ನಮ್ಮೂರಿನ ಕಲ್ಲು ನೋಡಲು ವೀಸಾ ಬೇಕು. ಮಂಟಪದ ಛಾವಣಿಯಿಂದ ಕಲ್ಲಿನ ಕಮಲ ಇಳಿಬಿದ್ದಿದೆ. 72 ದಳ. ಹಿಂದಿನ, ಇಂದಿನ, ಮುಂದಿನ ಇಪ್ಪತ್ನಾಲ್ಕು ಇಪ್ಪತ್ನಾಲ್ಕು ತೀರ್ಥಂಕರರಿಗೆ ಒಂದೊಂದು. ಗರ್ಭಗುಡಿಯಲ್ಲಿ ಕೂತವನು ನೇಮಿನಾಥ.

ಶಾಲೆಯಲ್ಲಿದ್ದಾಗ ಎರಡು ಸಲ ಇಲ್ಲಿಗೆ ಬಂದಿದ್ದೆ. ಯಾವ ತೀರ್ಥಂಕರ ಎಂದು ಕೇಳಿಕೊಂಡಿರಲಿಲ್ಲ. ಈಗ ಕಂಬಕ್ಕೆ ಒರಗಿ ನೋಡಿದೆ. ಕಪ್ಪು ಕಲ್ಲಿನ ಆ ಮುಖದಲ್ಲಿ ದಿಬ್ಬಣವೂ ಇಲ್ಲ, ರಾಜೀಮತಿಯೂ ಇಲ್ಲ, ಎಲ್ಲವೂ ದಾಟಿಹೋಗಿದೆ. ಶಿಲ್ಪಿ ಮುಗಿಸಿದ್ದ ನೇಮಿ ಎದುರಿಗಿದ್ದ. ಕವಿ ಮುಗಿಸದ ನೇಮಿ ನನ್ನ ಚೀಲದಲ್ಲಿದ್ದ ಟಿಪ್ಪಣಿಯಲ್ಲಿ ಕಂಸನನ್ನು ಕೊಂದ ಕೃಷ್ಣನ ಪಕ್ಕದಲ್ಲೆಲ್ಲೋ ಇನ್ನೂ ಮದುವೆಯಾಗಬೇಕಾದ ಹುಡುಗನಾಗಿಯೇ ಉಳಿದಿದ್ದ. ಕಾವಲಿನವರು ಬಾಗಿಲು ಹಾಕುವ ಹೊತ್ತಾಯಿತೆಂದು ಹೇಳುವವರೆಗೂ ಅಲ್ಲೇ ಇದ್ದೆ.

ಏಳೂವರೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಇಷ್ಟು ತಡ ಯಾಕೆಂದು ಬೈಸಿಕೊಂಡು, ಉಂಡು, ಟ್ರಂಕು ತೆಗೆದೆ. ನೋಟ್‌ಬುಕ್ಕಿನ ಅಂಚನ್ನು ಗೆದ್ದಲು ಸ್ವಲ್ಪ ತಿಂದಿತ್ತು, ಆ ಅರ್ಧ ಪುಟ ಹಾಗೇ ಇತ್ತು. ಕಾಫಿ ಅಂಗಡಿ ಹೊಡೆದುಹಾಕಿದೆ. ಹುಡುಗಿಯನ್ನು ತಂದು ಹಲಸಿಯ ಗುಡಿಯ ಕಟ್ಟೆಯ ಮೇಲೆ ಕೂಡಿಸಿದೆ. ಹುಡುಗ ಇನ್ನೂ ಬಂದಿಲ್ಲ. ಕೆ-ಸೆಟ್‌ಗೆ ನಲವತ್ತು ದಿನ ಇದೆ, ಅಷ್ಟರಲ್ಲಿ ಅವನನ್ನು ಕರೆಸಬೇಕೋ ಇನ್ನಷ್ಟು ಕಾಯಿಸಬೇಕೋ ನೋಡುತ್ತಿದ್ದೇನೆ.